ಪೋಕರಾಕ ತಂದ ಫ್ಲಕ್ಸ್

ಉಪ್ಪಿನಂಗಡಿಯ ಪೋಕರಾಕನಿಗೆ ಪಡೆದವನು, ಆ ದೇವರು, ಎಲ್ಲವನ್ನೂ ಕೊಟ್ಟಿದ್ದ, ಒಂದು ಫ್ಲೆಕ್ಸ್ ಮಾತ್ರ ಕೊಟ್ಟಿರಲಿಲ್ಲ. ನಮ್ಮ ಪುತ್ತೂರು, ಕಡಬ, ಸುಳ್ಯದ ಕಡೆ ಒಬ್ಬ ಮನುಷ್ಯ ಹುಟ್ಟಿದ್ದು ನಿಜವೆಂದು ಊರು ಒಪ್ಪಬೇಕಾದರೆ ಅವನ ಮುಖ ಒಮ್ಮೆಯಾದರೂ ಫ್ಲೆಕ್ಸಿನಲ್ಲಿ ಬಂದು, ರಸ್ತೆ ಬದಿಯ ಎರಡು ಕಂಬಗಳ ನಡುವೆ ಗಾಳಿಗೆ ಪಟಪಟ ಅನ್ನಬೇಕು. ಮನೆ ಒಕ್ಕಲು, ಕಬಡ್ಡಿ ಪಂದ್ಯಾಟ, ಸೊಸೈಟಿ ಚುನಾವಣೆ, ಉಮ್ರಾ ಯಾತ್ರೆ, ಎಸ್ಸೆಸ್ಸೆಲ್ಸಿ ಪಾಸು, ಯಾವುದಕ್ಕೂ ಫ್ಲೆಕ್ಸ್ ಆಗಲೇಬೇಕು. ಪೋಕರಾಕನ ಮುಖ ಬಂದೇ ಇರಲಿಲ್ಲ ಎಂದಲ್ಲ. ಬಂದದ್ದೆಲ್ಲ ಬೇರೆಯವರ ಫ್ಲೆಕ್ಸಿನ ಕೆಳಸಾಲಿನಲ್ಲಿ, ‘ಶುಭ ಕೋರುವವರು’ ಎಂಬ ಗುಂಪಿನೊಳಗೆ, ಅಂಚೆ ಚೀಟಿಯಷ್ಟು. ಕಳೆದ ಸಲ ಕಬಡ್ಡಿಯವರು ಹಾಕಿದ್ದರಲ್ಲಿ ಹಗ್ಗ ಕಟ್ಟುವ ತೂತು ಸರಿಯಾಗಿ ಇವರ ಮೂಗಿನ ಮೇಲೆಯೇ ಬಿದ್ದಿತ್ತು. ತೂತು ಇದ್ದರೂ ಗುರುತು ಸಿಗುತ್ತದಲ್ಲ ಎಂದು ಹೆಂಡತಿ ಹವ್ವಮ್ಮ ಸಮಾಧಾನ ಹೇಳಿದ್ದರು.

ಗಲ್ಫಿನಲ್ಲಿ ಅರ್ಧ ಆಯುಷ್ಯ ಕಳೆದು ಬಂದ ಪೋಕರಾಕ ಕಡಬದ ಹತ್ತಿರ ಕೋಡಿಂಬಾಳದಲ್ಲಿ ಒಂದು ಬೇಕರಿ ತೆರೆದಿದ್ದರು. ಎಲ್ಲ ಅನುಕೂಲವೂ ಇತ್ತು, ಬನ್ನು ಮಾತ್ರ ಉಬ್ಬಲಿಲ್ಲ. ಬೇಕರಿ ಮುಚ್ಚಿದ ಮೇಲೆ ಕಟ್ಟಡವನ್ನು ತಂಗಿಯ ಮಗಳು ಮುನೀರಾಳಿಗೆ ಬಿಟ್ಟುಕೊಟ್ಟರು. ಮುನೀರಾ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿತು, ಮೈಸೂರಿನ ಒಂದು ಕಾರ್ಖಾನೆಯಲ್ಲಿ ದುಡಿದು ಬಂದವಳು. ಊರಿನ ಹೆಂಗಸರನ್ನು ಸೇರಿಸಿಕೊಂಡು, ತೋಟಕ್ಕೆ ಆನೆ ನುಗ್ಗದಂತೆ ಹಾಕುವ ಸೋಲಾರ್ ಬೇಲಿಯ ಮಿಷನ್ನಿಗೆ ಬೇಕಾದ ಸರ್ಕ್ಯೂಟ್ ಬೋರ್ಡು ಮಾಡತೊಡಗಿದಳು. ಅಂಗೈ ಅಗಲದ ಹಸಿರು ಹಲಗೆ, ಅದರ ಮೇಲೆ ಜೀರಿಗೆ ಸಾಸಿವೆಯಷ್ಟು ಸಣ್ಣ ಸಾಮಾನು, ಒಂದೊಂದರ ಕಾಲಿಗೂ ಸೋಲ್ಡರಿನ ಬೆಸುಗೆ. ತನ್ನ ಕೈಯಲ್ಲಿ ಒಂದು ಬನ್ನು ಗುಂಡಗೆ ಬರಲಿಲ್ಲ, ಈ ಹುಡುಗಿ ಕಣ್ಣಿಗೆ ಕಾಣದ ಕಾಲಿಗೆ ಬೆಸುಗೆ ಹಾಕುತ್ತಾಳಲ್ಲ ಎಂದು ಪೋಕರಾಕನಿಗೆ ಹೆಮ್ಮೆಯೋ ಹೆಮ್ಮೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆಲ್ಲ ಅದನ್ನು ಹೇಳುತ್ತಿದ್ದರು. ಕೊನೆಯಲ್ಲಿ, ತಾನು ಅಲ್ಲಿಯ ಮ್ಯಾನೇಜರ್ ಎಂದು ಸೇರಿಸುತ್ತಿದ್ದರು. ಮುನೀರಾಳ ಲೆಕ್ಕದಲ್ಲಿ ಅವರ ಕೆಲಸ ಪೇಟೆಯಿಂದ ಸಾಮಾನು ತರುವುದು, ಅಷ್ಟೇ.

ಹೀಗಿರುವಾಗ ಬೇಲಿ ಮಿಷನ್ ಮಾಡುವ ಮೈಸೂರಿನ ಕಂಪೆನಿಯೊಂದು, ತನ್ನ ಬೋರ್ಡಿನ ಕೆಲಸ ಪೂರ್ತಿ ಮುನೀರಾಳಿಗೇ ಕೊಡಬಹುದೋ ಎಂದು ನೋಡಿಬರಲು ಉಲ್ಲಾಸ್ ಎಂಬ ಎಂಜಿನಿಯರನ್ನು ಕಳಿಸುವುದೆಂದಾಯಿತು. ಉಲ್ಲಾಸ್ ನೋಡುವುದು ಬೋರ್ಡಿನ ಸ್ವಚ್ಛತೆಯನ್ನು. ಬೆಸುಗೆಯ ಪಕ್ಕ ಕೊಳೆ ಉಳಿದರೆ ನಮ್ಮ ಕಡೆಯ ತೇವಕ್ಕೆ ಬೋರ್ಡು ಕೆಟ್ಟು, ಬೇಲಿ ಸತ್ತು, ಆನೆ ನೆಮ್ಮದಿಯಾಗಿ ಬಾಳೆಗೊನೆ ಮುರಿಯುತ್ತದೆ. ಆ ಮನುಷ್ಯ ಒಪ್ಪಿದರೆ ವರ್ಷವಿಡೀ ಕೆಲಸ. ಒಪ್ಪದಿದ್ದರೆ ಬಾಗಿಲು ಹಾಕಿ ಮುನೀರಾ ಪುನಃ ಮೈಸೂರಿನ ಬಸ್ಸು ಹತ್ತಬೇಕು, ಹೆಂಗಸರೆಲ್ಲ ಮನೆಗೆ ಹೋಗಬೇಕು. ಬೇಕರಿಯನ್ನು ಮುಚ್ಚಿದ ದಿನ ಬೀಗ ಹಾಕಿದ್ದು ಪೋಕರಾಕನೇ. ಅದೇ ಬಾಗಿಲಿಗೆ ಇನ್ನೊಮ್ಮೆ ಬೀಗ ಹಾಕುವುದನ್ನು ನೋಡುವ ಶಕ್ತಿ ಅವರಿಗಿರಲಿಲ್ಲ.

ಉಲ್ಲಾಸ್ ಬರುವ ಹಿಂದಿನ ದಿನ ಪೋಕರಾಕ ಪುತ್ತೂರಿನ ಬಸ್ ಸ್ಟ್ಯಾಂಡಿನಲ್ಲಿದ್ದಾಗ ಮುನೀರಾಳ ಫೋನು ಬಂತು.

“ಮಾಮ, ಬರುವಾಗ ಇಮ್ತಿಯಾಝ್‌ನವರ ಕಟ್ಟಡದಿಂದ ಫ್ಲಕ್ಸ್ ತನ್ನಿ. ಐದು ಲೀಟರಿನದ್ದು. ನೋ ಕ್ಲೀನ್ ಅಂತಲೇ ಇರ್ಬೇಕು, ಬೇರೆ ಬೇಡ. ನಾಳೆ ಮೈಸೂರಿನವರು ನೋಡುದು ಅದನ್ನೇ.”

‘ಲೀಟರಿನದ್ದು’ ಎಂಬ ಮಾತನ್ನು ಸುಬ್ರಹ್ಮಣ್ಯ ಬಸ್ಸಿನ ಹಾರನ್ನು ನುಂಗಿತು. ಉಳಿದದ್ದನ್ನು ಪೋಕರಾಕನ ಆಸೆ ನುಂಗಿತು. ಅವಳು ಹೇಳಿದ್ದು ಫ್ಲಕ್ಸ್, ಇವರು ಕೇಳಿದ್ದು ಫ್ಲೆಕ್ಸ್. ಒಂದು ಎತ್ವದ ವ್ಯತ್ಯಾಸ. ಎತ್ವ ಇಷ್ಟು ದೊಡ್ಡ ಅನಾಹುತ ಮಾಡಬಲ್ಲದೆಂದು ನಮ್ಮ ಕನ್ನಡ ಪಂಡಿತರು ಕೂಡ ಎಲ್ಲಿಯೂ ಎಚ್ಚರಿಸಿಲ್ಲ. ಗಣ್ಯರು ಬರುವಾಗ ಫ್ಲೆಕ್ಸ್ ಹಾಕುವುದು ನ್ಯಾಯವೇ. ಐದು ಎಂದರೆ ಐದು ಕಡೆ. ಫೋಟೋ ಯಾರದ್ದು ಎಂದು ಕೇಳುವಷ್ಟರಲ್ಲಿ ಫೋನು ಕಟ್ಟಾಗಿತ್ತು. ಮ್ಯಾನೇಜರಿನ ಫೋಟೋ ಅಲ್ಲದೆ ಇನ್ಯಾರದ್ದು ಎಂದು ಪೋಕರಾಕ ತಾವೇ ತೀರ್ಮಾನಿಸಿದರು.

ಆ ಕಟ್ಟಡದ ಕೆಳಗೆ ಇಮ್ತಿಯಾಝ್‌ನ ಎಲೆಕ್ಟ್ರಾನಿಕ್ಸ್ ಅಂಗಡಿ, ಮೇಲೆ ಜಸೀನಾ ಎಂಬವಳ ಫ್ಲೆಕ್ಸ್ ಪ್ರಿಂಟಿಂಗ್. ಪೋಕರಾಕ ಕೆಳಗಿನ ಅಂಗಡಿಯತ್ತ ಕಣ್ಣೆತ್ತಿಯೂ ನೋಡದೆ ಮೆಟ್ಟಿಲು ಹತ್ತಿದರು. ಏನು ಬರೆಯಬೇಕೆಂದು ಜಸೀನಾ ಕೇಳಿದಳು. ನೋ ಕ್ಲೀನ್ ಎಂದು ಬರೆ ಎಂದರು. ಹಾಗೆಂದರೆ ಎಂತದು ಎಂದು ಅವಳು ಕೇಳಿದಾಗ ಪೋಕರಾಕ ಕೊಂಚವೂ ಅಳುಕದೆ ವಿವರಿಸಿದರು. ನೋ ಪಾರ್ಕಿಂಗ್ ಎಂದರೆ ಪಾರ್ಕಿಂಗ್ ಇಲ್ಲ, ನೋ ಎಂಟ್ರಿ ಎಂದರೆ ಎಂಟ್ರಿ ಇಲ್ಲ, ನೋ ಕ್ಲೀನ್ ಎಂದರೂ ಹಾಗೆಯೇ. ಜನರಿಗೆ ತಿಳಿಯಬೇಕಲ್ಲ, ಕೆಳಗೆ ಕನ್ನಡದಲ್ಲಿಯೂ ಹಾಕು ಎಂದರು. ಜಸೀನಾ ಕೈಯನ್ನು ಕೀಲಿಮಣೆಯ ಮೇಲಿಂದ ತೆಗೆದು, ಒಮ್ಮೆ ಫೋನ್ ಮಾಡಿ ಕೇಳುವುದು ಒಳ್ಳೆಯದು ಎಂದು ಹೇಳಿ ನೋಡಿದಳು.

“ಎಂತಕ್ಕೆ ಕೇಳುದು? ಇದೆಲ್ಲ ಕಂಪೆನಿ ಭಾಷೆ. ನಿನಗೆ ಅರ್ಥ ಆಗುದಿಲ್ಲ, ನನಗೆ ಆಗ್ತದೆ,” ಎಂದರು ಪೋಕರಾಕ.

ಐದು ಫ್ಲೆಕ್ಸ್‌ಗಳ ಸುರುಳಿಯನ್ನು ಎರಡೂ ತೋಳುಗಳಲ್ಲಿ ಅವುಚಿಕೊಂಡು ಇಳಿದು ಬರುವಾಗ ಇಮ್ತಿಯಾಝ್ ಕೆಳಗಿನಿಂದ ಕೂಗಿ ಕರೆದ. ಮುನೀರಾಳಿಗೆ ಒಂದು ಕ್ಯಾನ್ ಕೊಡಲಿಕ್ಕುಂಟು, ತಗೊಂಡು ಹೋಗಿ ಎಂದ. ಕೈಯಲ್ಲಿ ಜಾಗ ಎಲ್ಲುಂಟು ಮಾರಾಯ, ಅರ್ಜೆಂಟ್ ಸಾಮಾನು ಸಾಗಿಸುತ್ತಿದ್ದೇನೆ, ನಿನ್ನ ಕ್ಯಾನ್ ಇನ್ನೊಂದು ದಿನ ನೋಡುವ ಎಂದು ಪೋಕರಾಕ ಬಸ್ಸು ಹತ್ತಿದರು.

ಮರುದಿನ ಬೆಳಕು ಹರಿಯುವಾಗ ಉಪ್ಪಿನಂಗಡಿಯಿಂದ ಕೋಡಿಂಬಾಳದವರೆಗಿನ ರಸ್ತೆಯಲ್ಲಿ ಪೋಕರಾಕ ಉದಯಿಸಿದ್ದರು. ಕಪ್ಪು ಕನ್ನಡಕ, ಕೈ ಮುಗಿದ ಭಂಗಿ, ಹಿಂದೆ ಗಲ್ಫಿನ ಯಾರದೋ ಕಾರು. ತಲೆಯ ಮೇಲೆ ‘ಮೈಸೂರಿನ ಗಣ್ಯರಿಗೆ ಹಾರ್ದಿಕ ಸ್ವಾಗತ’. ಎದೆಯ ಕೆಳಗೆ ಕೆಂಪು ಅಕ್ಷರದಲ್ಲಿ ‘ನೋ ಕ್ಲೀನ್’. ಅದರ ಕೆಳಗೆ, ‘ಇಲ್ಲಿ ಕ್ಲೀನ್ ಮಾಡುವುದಿಲ್ಲ – ಪೋಕರ್, ಮ್ಯಾನೇಜರ್’. ಕೊನೆಯದು ಮುನೀರಾಳ ಯುನಿಟ್ಟಿನ ಗೇಟಿನ ಮೇಲೆಯೇ ಇತ್ತು.

ಊರು ಅದನ್ನು ತನಗೆ ತೋಚಿದಂತೆ ಓದಿಕೊಂಡಿತು. ಹಾಲು ಕೊಂಡುಹೋಗುವವರು, ಪೋಕರಾಕ ಯಾವುದೋ ಮುಷ್ಕರಕ್ಕೆ ಕೂತಿದ್ದಾರೆ ಎಂದರು. ಬಸ್ಸಿನ ಕಂಡಕ್ಟರು, ಪಂಚಾಯತ್ ಚುನಾವಣೆಗೆ ನಿಲ್ಲುತ್ತಿದ್ದಾರೆ, ಇಷ್ಟು ಸತ್ಯ ಹೇಳುವ ಅಭ್ಯರ್ಥಿಯನ್ನು ತಾನು ನೋಡಿರಲಿಲ್ಲ ಎಂದರು. ಸೌದಿಯ ದಮ್ಮಾಮಿನಲ್ಲಿರುವ ನಾದಿನಿ ವಾಟ್ಸಾಪಿನಲ್ಲಿ ಫೋಟೋ ನೋಡಿ ಹವ್ವಮ್ಮನಿಗೆ ಫೋನು ಮಾಡಿ, ಮನೆಯಲ್ಲಿ ನೀರಿಗೆ ತೊಂದರೆ ಉಂಟಾ ಎಂದು ಮೆಲ್ಲಗೆ ವಿಚಾರಿಸಿದಳು. ಮದುವೆಯಾದಂದಿನಿಂದ ಮೂರು ಹೊತ್ತು ಅಂಗಳ ಗುಡಿಸಿದ ಹವ್ವಮ್ಮ ಪೊರಕೆಯನ್ನು ಮೂಲೆಗೆಸೆದು ಜಗಲಿಯಲ್ಲಿ ಕೂತುಬಿಟ್ಟರು.

ಮುನೀರಾ ಸ್ಕೂಟರಿನಲ್ಲಿ ಬಂದವಳು ಗೇಟಿನೆದುರು ಬ್ರೇಕ್ ಹಾಕಿ ಓದಿದಳು. ಪುನಃ ಓದಿದಳು. ಆಮೇಲೆ ಒಳಗೆ ಬಂದು, “ಮಾಮ, ಫ್ಲಕ್ಸ್ ಎಲ್ಲಿ?” ಎಂದಳು. ಪೋಕರಾಕ ಅಭಿಮಾನದಿಂದ ಗೇಟಿನ ಕಡೆ ಕೈ ತೋರಿಸಿದರು.

ಬೇರೆ ಯಾರೇ ಆಗಿದ್ದರೂ ಆಕಾಶ ಭೂಮಿ ಒಂದು ಮಾಡುತ್ತಿದ್ದರು. ಮುನೀರಾ ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟು, ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. ಬೆಸುಗೆ ಹಿಡಿಯಬೇಕಾದರೆ ತಾಮ್ರದ ಮೇಲಿನ ಕಿಲುಬು ಬಿಡಬೇಕು. ಅದನ್ನು ಬಿಡಿಸುವ ದ್ರವವೇ ಫ್ಲಕ್ಸ್. ಕೆಲವು ಬಗೆಯ ಫ್ಲಕ್ಸನ್ನು ಬೆಸುಗೆ ಆದಮೇಲೆ ಪೂರ್ತಿ ತೊಳೆದು ತೆಗೆಯಬೇಕು, ಇಲ್ಲದಿದ್ದರೆ ಅದೇ ಬೋರ್ಡನ್ನು ತಿನ್ನುತ್ತದೆ. ನೋ ಕ್ಲೀನ್ ಎಂಬುದು ತೊಳೆಯಲಿಕ್ಕೆ ಇಲ್ಲದ ಬಗೆ. ಬೆಸುಗೆಯ ಬಿಸಿಗೆ ಅದರ ಖಾರ ಸಾಯುತ್ತದೆ, ಉಳಿದದ್ದು ಗಾಜಿನ ಪದರದ ಹಾಗೆ ಮೇಲೆ ಕೂತು ಯಾರ ತಂಟೆಗೂ ಹೋಗುವುದಿಲ್ಲ. ಅದರ ಪಾಡಿಗೆ ಅದನ್ನು ಬಿಟ್ಟರೆ ಒಳ್ಳೆಯದು, ಅರ್ಧಂಬರ್ಧ ತೊಳೆದರೆ ಮಾತ್ರ ಕೆಟ್ಟಿತು.

ಈ ಕೊನೆಯ ವಾಕ್ಯ ಪೋಕರಾಕನ ಕಿವಿಗೆ ಬೀಳಲಿಲ್ಲ. ಅವರ ಕಿವಿ ಗೇಟಿನ ಬಳಿ ನಿಂತ ಜೀಪಿನ ಸದ್ದಿನ ಮೇಲಿತ್ತು. ಪುತ್ತೂರಿಗೆ ಹೋಗಿ ತಾನೇ ಫ್ಲಕ್ಸ್ ತರುತ್ತೇನೆ, ಉಲ್ಲಾಸ್‌ರ ಎದುರು ಬೆಸುಗೆ ಹಾಕಿ ತೋರಿಸದೆ ಆಗುವುದಿಲ್ಲ ಎಂದು ಮುನೀರಾ ಸ್ಕೂಟರು ತಿರುಗಿಸಿಕೊಂಡು ಹೊರಟಳು. ಅವಳು ಹೊರಗೆ ಹೋಗುವುದೂ ದೇರಣ್ಣ ಒಳಗೆ ಬರುವುದೂ ಸರಿಹೋಯಿತು.

ದೇರಣ್ಣ ಆ ವಾರ್ಡಿನ ಪಂಚಾಯತ್ ಮೆಂಬರು. ರಸ್ತೆಯಲ್ಲಿ ಬಿದ್ದ ಗುಟ್ಕಾ ಪ್ಯಾಕೆಟ್ ಕಂಡರೆ ಜೀಪು ನಿಲ್ಲಿಸಿ, ಇಳಿದು, ಹೆಕ್ಕಿ, ಎಸೆದವನ ಮನೆ ಹುಡುಕಿಕೊಂಡು ಹೋಗಿ ವಾಪಸು ಕೊಡುವಂಥ ಮನುಷ್ಯ. ಅವರ ದನಿ ನೊಂದಿತ್ತು.

“ಪೋಕರಾಕ, ಕ್ಲೀನ್ ಮಾಡ್ಲಿಕ್ಕೆ ಮನಸ್ಸಿಲ್ಲದಿದ್ರೆ ಸುಮ್ಮನೆ ಮಾಡದೆ ಇರಿ. ಹಾಗೆ ಇರುವವರು ನಮ್ಮ ವಾರ್ಡಿನಲ್ಲಿ ಸುಮಾರು ಜನ ಉಂಟು, ನಾನು ಸಹಿಸಿಕೊಂಡಿದ್ದೇನೆ. ಆದ್ರೆ ಫೋಟೋ ಹಾಕಿ ಹೇಳುದು ಎಂತಕ್ಕೆ ಮಾರಾಯ್ರೆ?”

ಇಲ್ಲಿಯಷ್ಟು ಸ್ವಚ್ಛ ಎಲ್ಲಿಯೂ ಇಲ್ಲ ಎಂದು ತೋರಿಸುವ ಹುರುಪಿನಲ್ಲಿ ಪೋಕರಾಕ, ಉಲ್ಲಾಸ್‌ರಿಗೆಂದು ಹೊರಕೋಣೆಯಲ್ಲಿ ಸಿದ್ಧ ಮಾಡಿ ಇಟ್ಟಿದ್ದ ಬೋರ್ಡುಗಳ ಟ್ರೇಯನ್ನು ಎತ್ತಿ ತಂದರು. ದೇರಣ್ಣ ಕನ್ನಡಕ ಹಣೆಗೇರಿಸಿ ಒಂದು ಬೋರ್ಡನ್ನು ಬೆಳಕಿಗೆ ಹಿಡಿದರು. ಬೆಸುಗೆಗಳ ಸುತ್ತ ತೆಳುವಾದ ಹೊಳಪು ಕಂಡಿತು, ನಸು ಹಳದಿ. ಇದೇನು ಜೇನು ಚೆಲ್ಲಿದ ಹಾಗೆ ಉಂಟಲ್ಲ ಎಂದರು. ಪೋಕರಾಕನೂ ನೋಡಿದರು. ಇಷ್ಟು ದಿನ ಕಾಣದ ಹೊಳಪು ಈಗ ಎಲ್ಲಿ ನೋಡಿದರೂ ಕಂಡಿತು. ಮೈಸೂರಿನ ಎಂಜಿನಿಯರು ಇದನ್ನು ಕಂಡರೆ ಗತಿಯೇನು? ಮುನೀರಾ ಪಾಪ, ಗಡಿಬಿಡಿಯಲ್ಲಿ ಒರೆಸಲು ಮರೆತಿದ್ದಾಳೆ. ಫ್ಲೆಕ್ಸಿನ ತಪ್ಪಿಗೆ ಪ್ರಾಯಶ್ಚಿತ್ತ ಮಾಡಿಕೊಳ್ಳಲು ಪಡೆದವನೇ ಈ ದಾರಿ ತೋರಿಸಿದ್ದಾನೆ ಎಂದು ಪೋಕರಾಕನಿಗೆ ಅನ್ನಿಸಿತು.

ಕಪಾಟಿನಲ್ಲಿ ಸ್ಪಿರಿಟಿನ ಬಾಟಲಿ ಇತ್ತು. ಪೋಕರಾಕನ ಚೀಲದಲ್ಲಿ ಹಲ್ಲಿನ ಸೆಟ್ಟು ತಿಕ್ಕುವ ಬ್ರಶ್ ಇತ್ತು. ದೇರಣ್ಣನ ಹೆಗಲ ಮೇಲೆ ಮೈ ಒರೆಸುವ ಬೈರಾಸು ಇತ್ತು. ಇಬ್ಬರು ಹಿರಿಯರೂ ನೆಲದ ಮೇಲೆ ಚಕ್ಕಳಮಕ್ಕಳ ಕೂತರು. ಒಬ್ಬರು ಸ್ಪಿರಿಟ್ ಚಿಮುಕಿಸಿ ತಿಕ್ಕುವುದು, ಇನ್ನೊಬ್ಬರು ಬೈರಾಸಿನ ತುದಿಯಿಂದ ಒರೆಸುವುದು. ಸ್ಪಿರಿಟ್ ದಂಡ ಮಾಡಬಾರದೆಂದು ಹನಿಹನಿಯಾಗಿ ಬಳಸಿದರು. ಅಷ್ಟು ಶ್ರದ್ಧೆಯನ್ನು ಬನ್ನಿನ ಮೇಲೆ ಹಾಕಿದ್ದರೆ ಆ ಬೇಕರಿ ಇವತ್ತಿಗೂ ನಡೆಯುತ್ತಿತ್ತು. ಅರ್ಧ ಟ್ರೇ ಮುಗಿಯುವಾಗ ಒಳಗಿನಿಂದ ಭವಿತಾ ಬಂದಳು. ಭವಿತಾ ಆಲೆಟ್ಟಿಯ ಹುಡುಗಿ, ಕೋಡಿಂಬಾಳಕ್ಕೆ ಮದುವೆಯಾಗಿ ಬಂದವಳು, ಬೆಸುಗೆಯ ಸಾಲಿಗೆ ಅವಳೇ ಮುಖ್ಯಸ್ಥೆ. ಅವಳು ಟ್ರೇಯ ಕಡೆ ಬೆರಳು ಚಾಚಿದಳು.

ತೊಳೆದ ಬೋರ್ಡುಗಳು ಒಣಗುತ್ತಿದ್ದವು. ಒಣಗಿದಂತೆ ಅವುಗಳ ಮೇಲೆ ಬಿಳಿ ಏಳುತ್ತಿತ್ತು, ಬೂಸು ಹಿಡಿದ ಉಪ್ಪಿನಕಾಯಿಯ ಹಾಗೆ.

ಪೋಕರಾಕ ಪುನಃ ತಿಕ್ಕಿದರು. ಬಿಳಿ ಇನ್ನಷ್ಟು ಅಗಲವಾಯಿತು. ದೇರಣ್ಣ, ಇದು ಸಮುದ್ರದ ಉಪ್ಪುಗಾಳಿಯಿಂದ ಆದದ್ದೆಂದು ಹೇಳಿದರೆ ಹೇಗೆ ಎಂದರು. ಕೋಡಿಂಬಾಳಕ್ಕೆ ಸಮುದ್ರ ಎಲ್ಲಿಂದ ಬರಬೇಕು ಎಂದು ಭವಿತಾ ಕೇಳಿದಳು. ಪಾಲಿಶ್ ಮಾಡಿದ ಹಾಗಿದ್ದ ಪದರವನ್ನು ಒಡೆದು, ಕರಗಿಸಿ, ಎಲ್ಲ ಕಡೆ ಹರಡಿಬಿಟ್ಟಿರಿ, ಪೂರ್ತಿ ತೆಗೆಯಲೂ ಇಲ್ಲ, ಇದ್ದಲ್ಲಿ ಇರಲು ಬಿಡಲೂ ಇಲ್ಲ ಎಂದು ಭವಿತಾ ತಲೆ ಹಿಡಿದುಕೊಂಡಳು. ಪೋಕರಾಕ ಬ್ರಶ್ ಹಿಡಿದ ಕೈಯನ್ನು ನೋಡಿಕೊಂಡರು. ಬೇಕರಿ ಮುಳುಗಿದಾಗ ಅವರಿಗೆ ದುಃಖವಾಗಿತ್ತು, ಆದರೆ ಅದು ತನ್ನ ಬೇಕರಿ. ಇದು ಆ ಮಗುವಿನ ಬದುಕು. ಅವರ ಕಣ್ಣಲ್ಲಿ ನೀರು ಬಂತು, ಮತ್ತು ಅದಕ್ಕೆ ಸ್ಪಿರಿಟಿನ ಘಾಟು ಕಾರಣ ಎಂದು ದೇರಣ್ಣ ತಾವಾಗಿಯೇ ಎಲ್ಲರಿಗೂ ಹೇಳಿ ಮಾನ ಉಳಿಸಿದರು.

ಮುನೀರಾ ಕ್ಯಾನ್ ಹಿಡಿದು ಬಂದಾಗ ಯಾರೂ ತಲೆಯೆತ್ತಲಿಲ್ಲ. ಅವಳು ಟ್ರೇ ನೋಡಿದಳು. ಯಾರು ಮಾಡಿದ್ದು ಎಂದು ಕೇಳುವ ಮೊದಲೇ ಪೋಕರಾಕ, ನಾನೇ ಎಂದರು. ನಾನೂ ಇದ್ದೆ ಎಂದು ದೇರಣ್ಣ ಸೇರಿಸಿದರು. ಈ ಟ್ರೇಯನ್ನು ಅಟ್ಟಕ್ಕೆ ಹಾಕಿ, ಹಳೆಯ ಮಾಲಿನಲ್ಲಿ ನಾಲ್ಕು ಬೋರ್ಡು ಆರಿಸಿ ಇಡುವ ಎಂದು ಭವಿತಾ ಸಲಹೆ ಕೊಟ್ಟಳು. ಮುನೀರಾ ಕ್ಯಾನನ್ನು ಮೇಜಿನ ಮೇಲಿಟ್ಟಳು.

“ಬೇಡ. ಕೊಳೆ ಇದ್ದದ್ದನ್ನು ಅಡಗಿಸುದಾದ್ರೆ ನಾವು ಸ್ವಚ್ಛತೆಯ ಮಾತು ಆಡ್ಲಿಕ್ಕೇ ಇಲ್ಲ. ಟ್ರೇ ಅಲ್ಲೇ ಇರ್ಲಿ.”

ಪೋಕರಾಕ ಗಲ್ಫಿನಲ್ಲಿ ದೊಡ್ಡ ದೊಡ್ಡ ಕಂಪೆನಿಯ ದೊಡ್ಡ ದೊಡ್ಡ ಮ್ಯಾನೇಜರುಗಳನ್ನು ಕಂಡವರು. ತಪ್ಪು ಸಿಕ್ಕಿದಾಗ ಕಾರ್ಪೆಟಿನ ಅಡಿಗೆ ಸರಿಸದವನನ್ನು ಅವರು ಕಂಡಿರಲಿಲ್ಲ. ಈಗ ಕಂಡರು, ತನ್ನ ಮಡಿಲಲ್ಲಿ ಆಡಿದ ಹುಡುಗಿಯಲ್ಲಿ. ಅವರಿಗೆ ನಾಚಿಕೆಯೂ ಹೆಮ್ಮೆಯೂ ಒಟ್ಟಿಗೇ ಬಂದು ಯಾವುದನ್ನು ಮೊದಲು ಪಡಬೇಕೆಂದು ತಿಳಿಯಲಿಲ್ಲ.

ಉಲ್ಲಾಸ್ ಬಂದರು. ತೆಳ್ಳಗಿನ, ನಗದ ಮನುಷ್ಯ. ಉಪ್ಪಿನಂಗಡಿ ದಾಟಿದ ಮೇಲೆ ಯಾರನ್ನೂ ದಾರಿ ಕೇಳುವ ಅಗತ್ಯ ಬೀಳಲಿಲ್ಲ ಎಂದು ಹೇಳಿ ಸುತ್ತ ನೋಡಿದರು. ಅವರ ಕಣ್ಣು ಮೂಲೆಯಲ್ಲಿ ಮುದುರಿ ನಿಂತಿದ್ದ ಪೋಕರಾಕನ ಮೇಲೆ ನಿಂತಿತು.

“ನೀವೇ ಅಲ್ವಾ, ನೋ ಕ್ಲೀನ್?”

ಫ್ಲೆಕ್ಸ್ ನೋಡಿ ಅಪರಿಚಿತನೊಬ್ಬ ತನ್ನ ಗುರುತು ಹಿಡಿಯಬೇಕು ಎಂಬುದು ಪೋಕರಾಕನ ಬಹುಕಾಲದ ಆಸೆ. ಅದು ಈಡೇರಿದ ಕ್ಷಣದಲ್ಲಿ ಅವರು ಬಯಸಿದ್ದು ಭೂಮಿ ಬಾಯಿಬಿಡಲಿ ಎಂದು.

ಉಲ್ಲಾಸ್ ಭೂತಗನ್ನಡಿ ಹಿಡಿದು ಟ್ರೇಯ ಮೇಲೆ ಬಾಗಿದರು. ಅರ್ಧ ಹೊಳೆಯುತ್ತಿತ್ತು, ಅರ್ಧ ಬೆಳ್ಳಗಾಗಿತ್ತು. ಇದೇನು ಎಂದರು. ಮುನೀರಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹೊಳೆಯುವುದು ನಾವು ಮಾಡಿದ್ದು, ಬಿಳಿಯದ್ದು ನಮ್ಮ ಮಾಮ ಪ್ರೀತಿಯಿಂದ ತೊಳೆದದ್ದು. ಹೊಳೆಯುವುದು ಮಳೆಗಾಲ ತಡೆಯುತ್ತದೆ, ಬಿಳಿಯದ್ದು ತಡೆಯುವುದಿಲ್ಲ. ನಂಬಿಕೆ ಇಲ್ಲದಿದ್ದರೆ ಈಗಲೇ ನೋಡಬಹುದು.

ಕೋಣೆಯ ಮೂಲೆಯಲ್ಲಿ ಬೇಕರಿ ಕಾಲದ ಒಂದು ಸ್ಟೀಲಿನ ಪೆಟ್ಟಿಗೆ ಇತ್ತು, ನಾದಿದ ಹಿಟ್ಟು ಉಬ್ಬಲೆಂದು ಬೆಚ್ಚಗಿನ ಹಬೆಯಲ್ಲಿ ಇಡುವಂಥದ್ದು. ಮುನೀರಾ ಅದನ್ನು ಎಸೆಯದೆ, ಬೋರ್ಡುಗಳಿಗೆ ಆಷಾಢದ ತೇವ ತೋರಿಸುವ ಪೆಟ್ಟಿಗೆ ಮಾಡಿಕೊಂಡಿದ್ದಳು. ಎರಡೂ ಬಗೆಯ ಬೋರ್ಡುಗಳನ್ನು ಅದರೊಳಗಿಟ್ಟು, ತಂತಿ ಹೊರಗೆಳೆದು ಕರೆಂಟು ಕೊಟ್ಟು, ಬೇರೆಬೇರೆ ಮೀಟರಿಗೆ ಸೇರಿಸಿದಳು. ಉಲ್ಲಾಸ್ ಸ್ಟೂಲಿನ ಮೇಲೆ ಕೂತರು. ಊಟದ ಹೊತ್ತು ಬಂತು, ಏಳಲಿಲ್ಲ. ಹೆಂಗಸರು ಹೊಸ ಫ್ಲಕ್ಸಿನಲ್ಲಿ ಬೆಸುಗೆ ಹಾಕುವುದನ್ನು ನಡುವೆ ಒಮ್ಮೆ ಹೋಗಿ ನೋಡಿ ಬಂದು ಪುನಃ ಕೂತರು. ದೇರಣ್ಣ ಎರಡು ಮೀಟಿಂಗ್ ತಪ್ಪಿಸಿ ಅವರ ಪಕ್ಕ ನಿಂತರು. ಪೋಕರಾಕ ಮೀಟರು ನೋಡಲಿಲ್ಲ, ನೋಡುವವರ ಮುಖ ನೋಡಿದರು.

ಸಂಜೆಗೆ ಬಿಳಿ ಬೋರ್ಡುಗಳ ಮೀಟರು ಜಾರತೊಡಗಿತು. ಕರೆಂಟು ಹೋಗಬಾರದ ಕಡೆಗೆಲ್ಲ ಸೋರುತ್ತಿದೆ ಎಂದು ಭವಿತಾ ದೇರಣ್ಣನಿಗೆ ಪಿಸುಗುಟ್ಟಿದಳು. ಹೊಳೆಯುವ ಬೋರ್ಡುಗಳ ಮೀಟರು ಬೆಳಿಗ್ಗೆ ಎಲ್ಲಿತ್ತೋ ಅಲ್ಲಿಯೇ ಇತ್ತು. ಉಲ್ಲಾಸ್ ಬೆನ್ನು ನೆಟ್ಟಗೆ ಮಾಡಿ ಎದ್ದರು. ತಾನು ಹೋದ ಕಡೆಯಲ್ಲೆಲ್ಲ ಒಳ್ಳೆಯ ಬೋರ್ಡು ತೋರಿಸಿದ್ದಾರೆ, ಕೆಟ್ಟದ್ದನ್ನೂ ಜೊತೆಗಿಟ್ಟು ಅದು ಯಾಕೆ ಕೆಟ್ಟದ್ದು ಎಂದು ತೋರಿಸಿದವರು ಇವರೊಬ್ಬರೇ ಎಂದರು. ಕೆಲಸ ನಿಮಗೇ, ಆದರೆ ಒಂದು ಷರತ್ತು ಇದೆ ಎಂದು ಪೋಕರಾಕನ ಕಡೆ ತಿರುಗಿದರು.

ಪೋಕರಾಕ ಎರಡು ಹೆಜ್ಜೆ ಮುಂದೆ ಬಂದರು.

“ಗೊತ್ತುಂಟು ಸಾರ್. ನಾನು ಇನ್ನು ಗೇಟಿನ ಒಳಗೆ ಕಾಲಿಡುದಿಲ್ಲ. ಅವಳಿಗೆ ಕೆಲಸ ಕೊಡಿ, ಅಷ್ಟು ಸಾಕು ನನಗೆ.”

“ಕಾಲಿಡಲೇಬೇಕು,” ಎಂದರು ಉಲ್ಲಾಸ್. ಆ ದಿನ ಮೊದಲ ಸಲ ಅವರ ಮುಖದಲ್ಲಿ ನಗು ಕಂಡಿತು. “ಪ್ರತಿ ಸಲ ಮಾಲು ಹೊರಡೋ ಮುಂಚೆ ನೀವು ಒಂದು ಬೋರ್ಡು ತೊಳೆದುಕೊಡಬೇಕು. ಹೋಲಿಸಿ ನೋಡೋಕೆ ಕೆಟ್ಟದ್ದೊಂದು ಬೇಕಾಗುತ್ತೆ. ಮೈಸೂರಲ್ಲಿ ನಮ್ಮವರು ಎಷ್ಟು ಪ್ರಯತ್ನಪಟ್ಟರೂ ಇಷ್ಟು ಕೆಟ್ಟದಾಗಿ ತೊಳೆಯೋಕೆ ಬರಲ್ಲ, ಕೈ ತಪ್ಪಿ ಚೆನ್ನಾಗಿಬಿಡುತ್ತೆ.”

ಇದು ಹೊಗಳಿಕೆಯೋ ಗೇಲಿಯೋ ತಿಳಿಯದೆ ಪೋಕರಾಕ ಮುನೀರಾಳ ಮುಖ ನೋಡಿದರು. ಅವಳು ನಗುತ್ತಿದ್ದಳು, ಕಣ್ಣೂ ಒರೆಸಿಕೊಳ್ಳುತ್ತಿದ್ದಳು. ಬೆಸುಗೆಯ ಸಾಲಿನ ಕೊನೆಗೆ ಒಂದು ಸ್ಟೂಲು ಎಳೆದು ಹಾಕಿ, ಮೈಯ ಕರೆಂಟು ಬೋರ್ಡಿಗೆ ತಾಗದಂತೆ ಅಲ್ಲಿ ಕೆಲಸ ಮಾಡುವವರೆಲ್ಲ ಮುಂಗೈಗೆ ಕಟ್ಟಿಕೊಳ್ಳುವ ನೀಲಿ ಪಟ್ಟಿಯನ್ನು ತಾನೇ ಮಾಮನ ಕೈಗೆ ಕಟ್ಟಿದಳು. ಪೋಕರಾಕ ಹೆಂಗಸರ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. ಬ್ರಶ್ ಅದೇ ಸಾಕಾ, ಹೊಸತು ತರಬೇಕಾ ಎಂದು ಕೇಳಿದರು.

“ಅದೇ ಬ್ರಶ್ಶು, ಅದೇ ಕೈ,” ಎಂದಳು ಮುನೀರಾ. “ಚೆನ್ನಾಗಿ ತೊಳೆದ್ರೆ ಮಾತ್ರ ಕೆಲಸದಿಂದ ತೆಗೀತೇನೆ, ಮಾಮ.”